38 ಕೋಟಿ ಸಾಲು ಅಳಿಸಿದರೂ ಡಿಸ್ಕ್ ಯಾಕೆ ಖಾಲಿ ಆಗಿಲ್ಲ?

ಪ್ರಶ್ನೆ: ನಾವು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ 15ನೇ ಆವೃತ್ತಿ ಬಳಸುತ್ತೇವೆ. ಆಪ್‌ನಲ್ಲಿ ನಡೆಯುವ ಪ್ರತಿಯೊಂದು ಚಟುವಟಿಕೆಯೂ ಒಂದು ಟೇಬಲ್‌ಗೆ ಹೋಗಿ ಬೀಳುತ್ತದೆ. ಅದು ಬೆಳೆದು 50 ಕೋಟಿ ಸಾಲು, 400 ಜಿಬಿ ಆಗಿತ್ತು. ಹಳೆಯದು ಬೇಡ ಅಂತ ಕಳೆದ ವಾರ 38 ಕೋಟಿ ಸಾಲುಗಳನ್ನು ಒಂದೇ ಸಲಕ್ಕೆ ಡಿಲೀಟ್ ಮಾಡಿದೆ. ಡಿಸ್ಕ್‌ನಲ್ಲಿ ಒಂದು ಜಿಬಿ ಜಾಗವೂ ಸಿಗಲಿಲ್ಲ. ಬದಲಿಗೆ ಇನ್ನಷ್ಟು ತುಂಬಿತು. ಈಗ ಉಳಿದಿರುವುದು 40 ಜಿಬಿ. ಕ್ವೆರಿಗಳೂ ಮೊದಲಿಗಿಂತ ನಿಧಾನವಾಗಿವೆ. ಅಳಿಸಿದ ಸಾಲುಗಳನ್ನು ಗುಡಿಸಿ ವಿವರ ತೋರಿಸುವ ವ್ಯಾಕ್ಯೂಮ್ ವರ್ಬೋಸ್ ಕಮಾಂಡನ್ನು ಕೈಯಾರೆ ಓಡಿಸಿದೆ. ಗಂಟೆಗಟ್ಟಲೆ ಓಡಿತು. ತೆಗೆದದ್ದು ಸೊನ್ನೆ. 38 ಕೋಟಿ ಸಾಲುಗಳ ಮುಂದೆ ‘ಡೆಡ್ ಬಟ್ ನಾಟ್ ಯೆಟ್ ರಿಮೂವಬಲ್’ (ಸತ್ತಿವೆ, ಆದರೆ ಇನ್ನೂ ತೆಗೆಯುವಂತಿಲ್ಲ) ಎಂದು ಬಂತು. ಸಹೋದ್ಯೋಗಿಗಳಲ್ಲಿ ಒಬ್ಬರು ವ್ಯಾಕ್ಯೂಮ್ ಫುಲ್ ಮಾಡಿ ಅನ್ನುತ್ತಾರೆ. ಇನ್ನೊಬ್ಬರು ಬದಲಾವಣೆಗಳ ಲಾಗ್ (ವಾಲ್) ಇರುವ ಪಿಜಿ_ವಾಲ್ ಫೋಲ್ಡರಿನ ಹಳೇ ಫೈಲುಗಳನ್ನು ಅಳಿಸಿ ಅನ್ನುತ್ತಾರೆ. ಮತ್ತೊಬ್ಬರು ತಾನೇ ಓಡುವ ಆಟೋವ್ಯಾಕ್ಯೂಮ್ ಸುಮ್ನೆ ಡಿಸ್ಕ್ ತಿನ್ನುತ್ತಿದೆ, ಆಫ್ ಮಾಡಿ ಅನ್ನುತ್ತಾರೆ. ನಮ್ಮ ಡೇಟಾಬೇಸ್ ಕೆಟ್ಟಿದೆಯಾ? ಮೊದಲು ಏನು ಮಾಡಲಿ? ಸರ್ವರ್ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದಾ?

ಉತ್ತರ: ನಿಮ್ಮ ಡೇಟಾಬೇಸ್ ಕೆಟ್ಟಿಲ್ಲ. ನೀವು ಕೊಟ್ಟ ಆ ಒಂದು ಸಾಲಿನ ಔಟ್‌ಪುಟ್‌ನಲ್ಲೇ ಉತ್ತರ ಇದೆ. ಯಾರೋ ಒಬ್ಬರು ನಿಮ್ಮ ಡಿಲೀಟ್‌ಗಿಂತ ಮೊದಲಿನ ಸ್ಥಿತಿಯನ್ನು ಹಿಡಿದುಕೊಂಡು ಕೂತಿದ್ದಾರೆ. ಅವರನ್ನು ಹುಡುಕುವ ತನಕ ಸಹೋದ್ಯೋಗಿಗಳು ಹೇಳಿದ ಮೂರರಲ್ಲಿ ಯಾವುದನ್ನೂ ಮಾಡಬೇಡಿ. ಎರಡರಿಂದ ಪ್ರಯೋಜನ ಇಲ್ಲ, ಒಂದರಿಂದ ಇಡೀ ಸರ್ವರ್ ಹೋಗಬಹುದು.

ಮೊದಲು ಡಿಲೀಟ್ ಅಂದರೆ ಏನಾಗುತ್ತದೆ ಅಂತ ನೋಡೋಣ. ಪೋಸ್ಟ್‌ಗ್ರೆಸ್‌ನಲ್ಲಿ ಡಿಲೀಟ್ ಮಾಡಿದಾಗ ಸಾಲು ಹೋಗುವುದಿಲ್ಲ. ‘ಇಂಥ ಟ್ರಾನ್ಸಾಕ್ಷನ್ (ಒಟ್ಟಿಗೆ ಉಳಿಯುವ ಇಲ್ಲವೇ ಒಟ್ಟಿಗೆ ರದ್ದಾಗುವ ಕೆಲಸಗಳ ಗುಂಪು) ಇದನ್ನು ಅಳಿಸಿದೆ’ ಎಂಬ ಗುರುತು ಅದರ ತಲೆಯ ಮೇಲೆ ಬೀಳುತ್ತದೆ, ಅಷ್ಟೇ. ಅಪ್‌ಡೇಟ್ ಕೂಡ ಹಾಗೆಯೇ. ಹಳೇ ಸಾಲಿಗೆ ಗುರುತು, ಪಕ್ಕದಲ್ಲಿ ಹೊಸ ಸಾಲು. ಓದುವವರು ಬರೆಯುವವರಿಗಾಗಿ ಕಾಯಬಾರದು, ಬರೆಯುವವರು ಓದುವವರಿಗಾಗಿ ಕಾಯಬಾರದು ಅನ್ನುವುದಕ್ಕೆ ಮಾಡಿಕೊಂಡ ಏರ್ಪಾಡು ಇದು. ನಿಮ್ಮ ಡಿಲೀಟ್‌ಗೆ ಮುಂಚೆ ಶುರುವಾದ ಕ್ವೆರಿಗೆ ಆ ಸಾಲು ಇನ್ನೂ ಕಾಣಬೇಕು. ಹಾಗಾಗಿ ಅದನ್ನು ತಕ್ಷಣ ಒರೆಸಿ ಹಾಕುವಂತಿಲ್ಲ.

ಒರೆಸುವ ಕೆಲಸ ವ್ಯಾಕ್ಯೂಮ್‌ನದು. ಇನ್ನು ಯಾರಿಗೂ ಬೇಡದ ಸಾಲುಗಳನ್ನು ತೆಗೆದು ಆ ಜಾಗವನ್ನು ಖಾಲಿ ಎಂದು ಬರೆದಿಡುತ್ತದೆ. ಇಲ್ಲಿ ಬಹಳ ಜನ ತಪ್ಪು ತಿಳಿಯುವುದು ಒಂದಿದೆ. ಹಾಗೆ ಖಾಲಿಯಾದ ಜಾಗ ಅದೇ ಟೇಬಲ್‌ನ ಹೊಸ ಸಾಲುಗಳಿಗೆ ಸಿಗುತ್ತದೆ, ಆಪರೇಟಿಂಗ್ ಸಿಸ್ಟಮ್‌ಗೆ ವಾಪಸ್ ಹೋಗುವುದಿಲ್ಲ. ಬಸ್ಸಿನಿಂದ ಜನ ಇಳಿದರೆ ಸೀಟು ಖಾಲಿ ಆಗುತ್ತದೆ, ಬಸ್ಸು ಚಿಕ್ಕದಾಗುವುದಿಲ್ಲ. ಫೈಲಿನ ಕೊನೆಯ 8 ಕೆಬಿ ಪುಟಗಳು ಸಾಲಾಗಿ ಪೂರ್ತಿ ಖಾಲಿ ಇದ್ದರೆ ಮಾತ್ರ ವ್ಯಾಕ್ಯೂಮ್ ಆ ಬಾಲವನ್ನು ಕತ್ತರಿಸುತ್ತದೆ. ನೀವು ಅಳಿಸಿದ್ದು ಹಳೇ ಸಾಲುಗಳನ್ನು. ಅವು ಫೈಲಿನ ಮುಂಭಾಗದಲ್ಲಿವೆ. ಬದುಕಿರುವ 12 ಕೋಟಿ ಸಾಲು ಹಿಂಭಾಗದಲ್ಲಿವೆ. ಹಾಗಾಗಿ ಎಲ್ಲವೂ ಸರಿಯಾಗಿ ನಡೆದಿದ್ದರೂ ನಿಮ್ಮ 400 ಜಿಬಿ ಫೈಲು 400 ಜಿಬಿಯಾಗಿಯೇ ಕಾಣುತ್ತಿತ್ತು. ಇದು ದೋಷ ಅಲ್ಲ.

ದೋಷ ಇರುವುದು ಆ ಸೊನ್ನೆಯಲ್ಲಿ. ವ್ಯಾಕ್ಯೂಮ್ ಒಂದೂ ಸಾಲು ತೆಗೆದಿಲ್ಲ. ಅದೇ ಔಟ್‌ಪುಟ್‌ನಲ್ಲಿ ‘ರಿಮೂವಬಲ್ ಕಟಾಫ್’ ಎಂದು ಇನ್ನೊಂದು ಸಾಲು ಇರುತ್ತದೆ, ಒಮ್ಮೆ ನೋಡಿ. ಒಂದು ಟ್ರಾನ್ಸಾಕ್ಷನ್ ಸಂಖ್ಯೆ, ಅದು ಎಷ್ಟು ಸಂಖ್ಯೆಯಷ್ಟು ಹಳೆಯದು ಎಂಬ ಲೆಕ್ಕ, ಎರಡೂ ಅಲ್ಲಿರುತ್ತವೆ. ಆ ಗೆರೆಯ ಈಚೆಗೆ ಅಳಿಸಿದ್ದನ್ನು ವ್ಯಾಕ್ಯೂಮ್ ಮುಟ್ಟುವಂತಿಲ್ಲ. ಆ ಗೆರೆ ನಿಮ್ಮ ಡಿಲೀಟ್‌ಗಿಂತ ಹಿಂದೆ ನಿಂತುಬಿಟ್ಟಿದೆ. ಡಿಸ್ಕ್ ಇನ್ನಷ್ಟು ತುಂಬಿದ್ದಕ್ಕೂ ಇದೇ ಕಾರಣ. ಹೊಸ ಸಾಲುಗಳಿಗೆ ಹಳೇ ಜಾಗ ಸಿಗುತ್ತಿಲ್ಲ, ಫೈಲು ಬೆಳೆಯುತ್ತಲೇ ಇದೆ. ಜೊತೆಗೆ 38 ಕೋಟಿ ಸಾಲಿನ ಡಿಲೀಟ್ ಅಂದರೆ ಪ್ರತಿ ಸಾಲಿಗೂ ವಾಲ್ ದಾಖಲೆ ಬರೆಯಬೇಕು. ಕ್ವೆರಿ ನಿಧಾನವಾಗಿದ್ದೂ ಇದರಿಂದಲೇ. ಉದಾಹರಣೆಗೆ, ‘ಎಲ್ಲಕ್ಕಿಂತ ಹಳೆಯ ಒಂದು ದಾಖಲೆ ಕೊಡು’ ಅಂತ ಕೇಳಿದರೆ ಇಂಡೆಕ್ಸ್ (ಬೇಗ ಹುಡುಕಲು ಇಟ್ಟುಕೊಂಡ ಸೂಚಿ) ಮೊದಲು ಸತ್ತ ಕೋಟ್ಯಂತರ ನಮೂದುಗಳನ್ನು ದಾಟಿ ಬರಬೇಕು. ಮೊದಲು ಕ್ಷಣದಲ್ಲಿ ಬರುತ್ತಿದ್ದ ಉತ್ತರಕ್ಕೆ ಈಗ ನಿಮಿಷಗಳು ಹಿಡಿಯುತ್ತವೆ.

ಹಿಡಿದುಕೊಂಡವರು ನಾಲ್ಕು ಕಡೆ ಇರಬಹುದು. ನನ್ನ ಅನುಭವದಲ್ಲಿ ಬಹುತೇಕ ಸಲ ಸಿಗುವುದು ಮೊದಲನೆಯ ಕಡೆಯೇ.

ಈಗಿರುವ ಸೆಷನ್‌ಗಳನ್ನು ತೋರಿಸುವ ಪಿಜಿ_ಸ್ಟ್ಯಾಟ್_ಆಕ್ಟಿವಿಟಿ ನೋಡಿ. ಬ್ಯಾಕೆಂಡ್_ಎಕ್ಸ್‌ಮಿನ್ (ಸೆಷನ್ ಹಿಡಿದ ಗೆರೆ) ಅಥವಾ ಬ್ಯಾಕೆಂಡ್_ಎಕ್ಸ್‌ಐಡಿ (ಅದರದೇ ಟ್ರಾನ್ಸಾಕ್ಷನ್ ಸಂಖ್ಯೆ) ಖಾಲಿ ಇಲ್ಲದ ಸೆಷನ್‌ಗಳನ್ನು ಮಾತ್ರ ಆರಿಸಿ, ಎಕ್ಸ್ಯಾಕ್ಟ್_ಸ್ಟಾರ್ಟ್ ಪ್ರಕಾರ ಹಳೆಯದು ಮೇಲೆ ಬರುವಂತೆ ಜೋಡಿಸಿ. ಮೇಲಿನ ಸಾಲಿನ ಸ್ಟೇಟ್ ಕಾಲಂನಲ್ಲಿ ‘ಐಡಲ್ ಇನ್ ಟ್ರಾನ್ಸಾಕ್ಷನ್’ ಅಂತ ಇದ್ದು, ಶುರುವಾದ ದಿನ ನಿಮ್ಮ ಡಿಲೀಟ್‌ಗಿಂತ ಹಿಂದಿನದಾಗಿದ್ದರೆ ಸಿಕ್ಕಿಬಿದ್ದ ಹಾಗೆ. ಯಾವುದೋ ಪ್ರೋಗ್ರಾಂ ಬಿಗಿನ್ ಅಂತ ಹೇಳಿ, ಒಂದೆರಡು ಅಪ್‌ಡೇಟ್ ಮಾಡಿ, ಕಮಿಟ್ ಮಾಡದೆ ಬಿಟ್ಟಿರುತ್ತದೆ. ಯಾರೋ ಎಡಿಟರ್‌ನಲ್ಲಿ ಆಟೋಕಮಿಟ್ ಆಫ್ ಮಾಡಿಕೊಂಡು ಕಿಟಕಿ ತೆರೆದೇ ಮನೆಗೆ ಹೋಗಿರುತ್ತಾರೆ. ಕ್ವೆರಿ ಕಾಲಂ ನೋಡಿ ಮೋಸ ಹೋಗಬೇಡಿ. ಅಲ್ಲಿ ಕಾಣುವುದು ಆ ಸೆಷನ್ ಕೊನೆಯದಾಗಿ ಕಳಿಸಿದ ಕ್ವೆರಿ. ಅದು ಒಂದು ಬಡಪಾಯಿ ಸೆಲೆಕ್ಟ್ ಆಗಿರಬಹುದು. ಅಪ್ಲಿಕೇಶನ್_ನೇಮ್ ಮತ್ತು ಕ್ಲೈಂಟ್_ಆಡ್ರ್ ಕಾಲಂಗಳಿಂದ ಯಾರದು ಅಂತ ಗೊತ್ತಾಗುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ‘ಐಡಲ್ ಇನ್ ಟ್ರಾನ್ಸಾಕ್ಷನ್’ ಅಂತ ಕಂಡ ಎಲ್ಲರೂ ಗೆರೆ ಹಿಡಿದಿರುವುದಿಲ್ಲ. ಪ್ರತಿ ಕ್ವೆರಿಗೂ ಹೊಸ ಸ್ಥಿತಿ ನೋಡುವ ಮಾಮೂಲಿ ರೀಡ್ ಕಮಿಟೆಡ್ ಮಟ್ಟದಲ್ಲಿ ಬರೀ ಸೆಲೆಕ್ಟ್ ಮಾಡಿ, ಕರ್ಸರ್ (ಉತ್ತರವನ್ನು ಕಂತುಗಳಲ್ಲಿ ಓದುವ ಏರ್ಪಾಡು) ಏನೂ ತೆರೆದಿಡದೆ ಕೂತ ಸೆಷನ್‌ನಿಂದ ವ್ಯಾಕ್ಯೂಮ್‌ಗೆ ತೊಂದರೆ ಇಲ್ಲ. ಏನಾದರೂ ಬರೆದವರು, ಶುರುವಿನ ಸ್ಥಿತಿಯನ್ನೇ ಕೊನೆತನಕ ನೋಡುವ ರಿಪೀಟಬಲ್ ರೀಡ್‌ನಲ್ಲಿ ಇರುವವರು, ಕರ್ಸರ್ ತೆರೆದಿಟ್ಟವರು, ಇನ್ನೂ ಓಡುತ್ತಿರುವ ಉದ್ದನೆಯ ಕ್ವೆರಿ, ಇವರು ಹಿಡಿಯುತ್ತಾರೆ. ಅದಕ್ಕೇ ಸ್ಟೇಟ್ ಒಂದನ್ನೇ ನೋಡದೆ ಎಕ್ಸ್‌ಮಿನ್ ನೋಡಿ ಅಂದೆ. ಪಿಜಿ_ಡಂಪ್ ಬ್ಯಾಕಪ್ ಕೂಡ ರಿಪೀಟಬಲ್ ರೀಡ್‌ನಲ್ಲೇ ಓಡುತ್ತದೆ. ಅದು ಓಡುತ್ತಿದ್ದರೆ ಮುಗಿಯಲು ಬಿಡಿ.

ಎರಡನೆಯ ಕಡೆ ಪಿಜಿ_ರೆಪ್ಲಿಕೇಶನ್_ಸ್ಲಾಟ್ಸ್. ಯಾವತ್ತೋ ಒಂದು ರೆಪ್ಲಿಕಾ (ಮುಖ್ಯ ಸರ್ವರ್‌ನ ನಕಲು) ಇತ್ತು, ತೆಗೆದು ಹಾಕಿದರು, ಅದರ ಸ್ಲಾಟ್ (ಅದು ಎಲ್ಲಿತನಕ ಓದಿದೆ ಎಂಬ ಗುರುತು) ಮಾತ್ರ ಹಾಗೇ ಉಳಿಯಿತು. ಇಂಥದ್ದು ಬಹಳ ಕಡೆ ಇರುತ್ತದೆ. ಆಕ್ಟಿವ್ ಕಾಲಂನಲ್ಲಿ ಫಾಲ್ಸ್ ಇದ್ದು ಎಕ್ಸ್‌ಮಿನ್ ತುಂಬಿದ್ದರೆ ಅದೇ ಕಾರಣ. ಲಾಜಿಕಲ್ ಸ್ಲಾಟ್ ಆದರೆ ಹಿಡಿಯುವುದು ಕ್ಯಾಟಲಾಗ್_ಎಕ್ಸ್‌ಮಿನ್. ಅದು ಸಿಸ್ಟಮ್ ಟೇಬಲ್‌ಗಳನ್ನು ತಡೆಯುತ್ತದೆ, ನಿಮ್ಮ ಟೇಬಲ್ ಅನ್ನು ತಡೆಯುವುದಿಲ್ಲ. ಆದರೆ ಎರಡೂ ಬಗೆಯ ಸ್ಲಾಟ್‌ಗಳು ವಾಲ್ ಫೈಲುಗಳನ್ನು ಅಳಿಸಲು ಬಿಡುವುದಿಲ್ಲ. ಪಿಜಿ_ವಾಲ್ ಫೋಲ್ಡರ್ ಊದಿಕೊಂಡಿದ್ದರೆ ಮೊದಲು ಇಲ್ಲೇ ನೋಡಿ.

ಮೂರನೆಯದು ಪಿಜಿ_ಪ್ರಿಪೇರ್ಡ್_ಎಕ್ಸ್ಯಾಕ್ಟ್ಸ್, ಅಂದರೆ ಎರಡು ಹಂತದ ಕಮಿಟ್‌ನಲ್ಲಿ ಅರ್ಧಕ್ಕೆ ನಿಂತವು. ಮ್ಯಾಕ್ಸ್_ಪ್ರಿಪೇರ್ಡ್_ಟ್ರಾನ್ಸಾಕ್ಷನ್ಸ್ ಮೊದಲಿಂದ ಇರುವಂತೆ 0 ಇದ್ದರೆ ಇದನ್ನು ಬಿಟ್ಟುಬಿಡಿ. ನಾಲ್ಕನೆಯದು, ರೆಪ್ಲಿಕಾದಲ್ಲಿ ಹಾಟ್_ಸ್ಟ್ಯಾಂಡ್‌ಬೈ_ಫೀಡ್‌ಬ್ಯಾಕ್ (ತನಗೆ ಬೇಕಾದ ಸಾಲು ತೆಗೆಯಬೇಡ ಅಂತ ಮುಖ್ಯ ಸರ್ವರ್‌ಗೆ ತಿಳಿಸುವ ಸೆಟ್ಟಿಂಗ್) ಆನ್ ಇದ್ದು ಅಲ್ಲಿ ಯಾರೋ ಉದ್ದನೆಯ ವರದಿ ಓಡಿಸುತ್ತಿರುವುದು. ಮುಖ್ಯ ಸರ್ವರ್‌ನ ಪಿಜಿ_ಸ್ಟ್ಯಾಟ್_ರೆಪ್ಲಿಕೇಶನ್‌ನಲ್ಲಿರುವ ಬ್ಯಾಕೆಂಡ್_ಎಕ್ಸ್‌ಮಿನ್ ಇದನ್ನು ತೋರಿಸುತ್ತದೆ. ಸ್ಲಾಟ್ ಮೂಲಕ ಜೋಡಿಸಿದ್ದರೆ ಸ್ಲಾಟ್‌ನ ಎಕ್ಸ್‌ಮಿನ್‌ನಲ್ಲಿ ಕಾಣುತ್ತದೆ.

ಈಗ ನಿಮ್ಮ ರೀಸ್ಟಾರ್ಟ್ ಪ್ರಶ್ನೆ. ರೀಸ್ಟಾರ್ಟ್ ಮಾಡಿದರೆ ಮೊದಲನೆಯ ಬಗೆಯವರು ಹೋಗುತ್ತಾರೆ. ಸ್ಲಾಟ್‌ಗಳು ಮತ್ತು ಪ್ರಿಪೇರ್ಡ್ ಟ್ರಾನ್ಸಾಕ್ಷನ್‌ಗಳು ರೀಸ್ಟಾರ್ಟ್ ದಾಟಿ ಉಳಿಯುತ್ತವೆ. ಹುಡುಕದೆ ರೀಸ್ಟಾರ್ಟ್ ಮಾಡಿದರೆ ಯಾರು ಹಿಡಿದಿದ್ದರು ಅಂತ ತಿಳಿಯುವುದೂ ಇಲ್ಲ, ಮುಂದಿನ ತಿಂಗಳು ಅದೇ ಪ್ರೋಗ್ರಾಂ ಮತ್ತೆ ಹಿಡಿಯುತ್ತದೆ. ಆ ಒಂದು ಸೆಷನ್ ಮಾತ್ರ ಬಿಡಿಸಿದರೆ ಸಾಕು. ಅದಕ್ಕೆ ಪಿಜಿ_ಟರ್ಮಿನೇಟ್_ಬ್ಯಾಕೆಂಡ್ ಇದೆ. ಪಿಜಿ_ಕ್ಯಾನ್ಸಲ್_ಬ್ಯಾಕೆಂಡ್ ಓಡುತ್ತಿರುವ ಕ್ವೆರಿಯನ್ನು ಮಾತ್ರ ನಿಲ್ಲಿಸುತ್ತದೆ, ಸುಮ್ನೆ ಕೂತ ಸೆಷನ್‌ಗೆ ಅದು ತಟ್ಟುವುದೇ ಇಲ್ಲ. ಆಪರೇಟಿಂಗ್ ಸಿಸ್ಟಮ್‌ನಿಂದ ಕಿಲ್ ಮೈನಸ್ 9 ಮಾತ್ರ ಯಾವತ್ತೂ ಬೇಡ. ಒಂದು ಬ್ಯಾಕೆಂಡ್ ಹಾಗೆ ಸತ್ತರೆ ಪೋಸ್ಟ್‌ಗ್ರೆಸ್ ಉಳಿದ ಎಲ್ಲ ಸಂಪರ್ಕಗಳನ್ನೂ ಕಡಿದು ಕ್ರ್ಯಾಶ್ ರಿಕವರಿಗೆ ಹೋಗುತ್ತದೆ. ಮುಗಿಸುವ ಮುಂಚೆ ಆ ಪ್ರೋಗ್ರಾಂ ನೋಡಿಕೊಳ್ಳುವವರನ್ನು ಒಂದು ಮಾತು ಕೇಳಿ, ಕಮಿಟ್ ಆಗದ ಅವರ ಕೆಲಸ ಹೋಗುತ್ತದೆ ಅಲ್ವಾ? ರೋಲ್‌ಬ್ಯಾಕ್‌ಗೆ ಕಾಯಬೇಕಾದೀತು ಎಂಬ ಭಯ ಬೇಡ. ಪೋಸ್ಟ್‌ಗ್ರೆಸ್‌ನಲ್ಲಿ ಹಿಂದಕ್ಕೆ ತಿರುಗಿಸಿ ಬರೆಯುವ ಕೆಲಸ ಇಲ್ಲದಿರುವುದರಿಂದ ಅದು ಕ್ಷಣದಲ್ಲಿ ಮುಗಿಯುತ್ತದೆ. ಬಿಟ್ಟುಹೋದ ಸ್ಲಾಟ್ ಆದರೆ, ಅದನ್ನು ನಂಬಿದ ರೆಪ್ಲಿಕಾ ನಿಜವಾಗಿಯೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಡ್ರಾಪ್ ಮಾಡಿ. ಡ್ರಾಪ್ ಆದ ಮೇಲೆ ಆ ರೆಪ್ಲಿಕಾ ವಾಪಸ್ ಬಂದರೆ ಬಹುಶಃ ಮೊದಲಿಂದ ಕಟ್ಟಬೇಕಾಗುತ್ತದೆ.

ಇನ್ನು ಆ ಮೂರು ಸಲಹೆಗಳು.

ವ್ಯಾಕ್ಯೂಮ್ ಫುಲ್: ಇದು ಬದುಕಿರುವ ಸಾಲುಗಳನ್ನು ಹೊಸ ಫೈಲಿಗೆ ನಕಲು ಮಾಡಿ ಹಳೆಯದನ್ನು ಬಿಸಾಡುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಗೆರೆ ಹಿಂದೆ ನಿಂತಿರುವಾಗ ‘ಇನ್ನೂ ತೆಗೆಯುವಂತಿಲ್ಲ’ ಅನ್ನುವ ಸತ್ತ ಸಾಲುಗಳನ್ನೂ ಅದು ನಕಲು ಮಾಡಲೇಬೇಕು. ಅಂದರೆ ಇವತ್ತು ಓಡಿಸಿದರೆ ಹೆಚ್ಚುಕಡಿಮೆ 400 ಜಿಬಿ ಮತ್ತೆ ಬರೆಯಲು ಹೊರಡುತ್ತದೆ, ನಿಮ್ಮ ಬಳಿ ಇರುವುದು 40. ಅರ್ಧದಲ್ಲಿ ಡಿಸ್ಕ್ ತುಂಬಿ ಬೀಳುತ್ತದೆ. ಲಾಕ್‌ನದು ಇನ್ನೊಂದು ಕಥೆ. ಅದಕ್ಕೆ ಟೇಬಲ್ ಮೇಲೆ ಆಕ್ಸೆಸ್ ಎಕ್ಸ್‌ಕ್ಲೂಸಿವ್ ಲಾಕ್ ಬೇಕು, ಸೆಲೆಕ್ಟ್ ಕೂಡ ನಡೆಯುವುದಿಲ್ಲ. ಆ ಟೇಬಲ್ ಓದಿ ಕಮಿಟ್ ಮಾಡದೆ ಕೂತವರು ಒಬ್ಬರಿದ್ದರೂ ವ್ಯಾಕ್ಯೂಮ್ ಫುಲ್ ಅವರ ಹಿಂದೆ ಕಾಯುತ್ತದೆ. ಆಮೇಲೆ ಬಂದ ಪ್ರತಿಯೊಂದು ಕ್ವೆರಿಯೂ ವ್ಯಾಕ್ಯೂಮ್ ಫುಲ್ ಹಿಂದೆ ಕಾಯುತ್ತದೆ. ಇನ್ನೂ ಕೆಲಸವೇ ಶುರುವಾಗಿರುವುದಿಲ್ಲ, ಆಪ್ ಆಗಲೇ ನಿಂತಿರುತ್ತದೆ. ಯಾವತ್ತಾದರೂ ಮಾಡಲೇಬೇಕಾದರೆ ಲಾಕ್_ಟೈಮ್‌ಔಟ್ (ಲಾಕ್‌ಗೆ ಕಾಯುವ ಮಿತಿ) ಕೆಲವೇ ಸೆಕೆಂಡಿಗೆ ಇಟ್ಟುಕೊಂಡು ಮಾಡಿ.

ಪಿಜಿ_ವಾಲ್ ಫೈಲು ಅಳಿಸುವುದು: ದಯವಿಟ್ಟು ಬೇಡ. ಇದನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಕಡಿಮೆ. ಆ ಫೋಲ್ಡರಿಗೆ ಮೊದಲು ಪಿಜಿ_ಎಕ್ಸ್‌ಲಾಗ್ ಎಂದು ಹೆಸರಿತ್ತು. ಲಾಗ್ ಅಂತ ನೋಡಿ, ಬೇಡದ್ದು ಅಂದುಕೊಂಡು ಜನ ಅಳಿಸುತ್ತಿದ್ದರು. ಅದಕ್ಕೇ 2017ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ಹೆಸರು ಬದಲಾಯಿಸಿದರು. ಕೊನೆಯ ಚೆಕ್‌ಪಾಯಿಂಟ್‌ನಿಂದ (ಮೆಮೊರಿಯ ಬದಲಾವಣೆಗಳನ್ನು ಡಿಸ್ಕ್‌ಗೆ ಬರೆದು ಮುಗಿಸುವ ಹಂತ) ಮುಂದಿನ ಬದಲಾವಣೆಗಳು ಕೆಲವೊಮ್ಮೆ ಅಲ್ಲಿ ಮಾತ್ರ ಇರುತ್ತವೆ. ಬೇಕಾದ ಫೈಲೇ ಹೋಗಿ ಸರ್ವರ್ ಬಿದ್ದರೆ ಮತ್ತೆ ಏಳುವುದೇ ಇಲ್ಲ. ಬಲವಂತವಾಗಿ ಎಬ್ಬಿಸಿದರೆ ಡೇಟಾ ಅರೆಬರೆ ಆಗಿರುತ್ತದೆ. ಅಲ್ಲಿನ 16 ಎಂಬಿ ಫೈಲುಗಳು ರಾಶಿ ಬಿದ್ದಿದ್ದರೆ ಅದಕ್ಕೊಂದು ಕಾರಣ ಇರುತ್ತದೆ. ಸ್ಲಾಟ್ ಇರಬಹುದು, ಅಥವಾ ವಾಲ್ ಫೈಲುಗಳನ್ನು ಬೇರೆಡೆ ನಕಲಿಡುವ ಆರ್ಕೈವ್ ಕಮಾಂಡ್ ಸೋಲುತ್ತಿರಬಹುದು. ಎರಡನೆಯದಕ್ಕೆ ಪಿಜಿ_ಸ್ಟ್ಯಾಟ್_ಆರ್ಕೈವರ್‌ನಲ್ಲಿ ಫೇಲ್ಡ್_ಕೌಂಟ್ ಏರುತ್ತಿದೆಯಾ ನೋಡಿ. ಕಾರಣ ಸರಿಮಾಡಿದರೆ ಮುಂದಿನ ಚೆಕ್‌ಪಾಯಿಂಟ್‌ಗಳಲ್ಲಿ ಪೋಸ್ಟ್‌ಗ್ರೆಸ್ ತಾನೇ ಅಳಿಸಿಕೊಳ್ಳುತ್ತದೆ.

ಆಟೋವ್ಯಾಕ್ಯೂಮ್ ಆಫ್ ಮಾಡುವುದು: ಅದು ಡಿಸ್ಕ್ ತಿನ್ನುತ್ತಿರುವುದು ನಿಜ. ತೆಗೆಯಲಾಗದ ಸಾಲುಗಳನ್ನು ಮತ್ತೆ ಮತ್ತೆ ಬಂದು ನೋಡಿ ಬರಿಗೈಯಲ್ಲಿ ಹೋಗುತ್ತಿದೆ. ಗೆರೆ ಬಿಡಿಸಿದರೆ ಆ ವ್ಯರ್ಥ ಓಡಾಟ ನಿಲ್ಲುತ್ತದೆ. ಪೂರ್ತಿ ಆಫ್ ಮಾಡಿದರೂ ಅದು ಪೂರ್ತಿ ನಿಲ್ಲುವುದಿಲ್ಲ. ಟ್ರಾನ್ಸಾಕ್ಷನ್ ಸಂಖ್ಯೆ 32 ಬಿಟ್‌ನದು. ಟೇಬಲ್‌ನ ವಯಸ್ಸು 20 ಕೋಟಿ ಟ್ರಾನ್ಸಾಕ್ಷನ್ ದಾಟಿದರೆ ಸಂಖ್ಯೆ ಸುತ್ತಿ ಬರುವ ಅಪಾಯ ತಪ್ಪಿಸಲು ಅದು ಓಡಿಯೇ ಓಡುತ್ತದೆ. ಗೆರೆ ಹಿಡಿದವರನ್ನು ತಿಂಗಳುಗಟ್ಟಲೆ ಬಿಟ್ಟರೆ ಆ ಓಟವೂ ಸೋಲುತ್ತದೆ. 200 ಕೋಟಿ ಹತ್ತಿರ ಬಂದಾಗ ಸರ್ವರ್ ಹೊಸ ಬರಹ ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ.

ಸರಿ, ಹಿಡಿದವರನ್ನು ಬಿಡಿಸಿದಿರಿ ಅಂದುಕೊಳ್ಳೋಣ. ಈಗ ಮತ್ತೆ ಮಾಮೂಲಿ ವ್ಯಾಕ್ಯೂಮ್ ವರ್ಬೋಸ್ ಓಡಿಸಿ. ಓಡಿಸುವ ಮುಂಚೆ ಅದೇ ಸೆಷನ್‌ನಲ್ಲಿ ಮೇಂಟೆನೆನ್ಸ್_ವರ್ಕ್_ಮೆಮ್ ಅನ್ನು 1 ಜಿಬಿಗೆ ಏರಿಸಿ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನಿಮ್ಮ ಆವೃತ್ತಿಯಲ್ಲಿ ವ್ಯಾಕ್ಯೂಮ್ ಪ್ರತಿ ಸತ್ತ ಸಾಲಿನ ವಿಳಾಸಕ್ಕೆ 6 ಬೈಟ್ ಮೆಮೊರಿ ಇಟ್ಟುಕೊಳ್ಳುತ್ತದೆ. ಮೊದಲಿಂದ ಇರುವ 64 ಎಂಬಿಯಲ್ಲಿ ಸುಮಾರು 1.1 ಕೋಟಿ ವಿಳಾಸ ಹಿಡಿಸುತ್ತದೆ. ತುಂಬಿದ ಪ್ರತಿ ಸಲ ಅದು ಟೇಬಲ್‌ನ ಎಲ್ಲ ಇಂಡೆಕ್ಸ್‌ಗಳನ್ನೂ ತುದಿಯಿಂದ ತುದಿಗೆ ಓದಬೇಕು. 38 ಕೋಟಿ ಸಾಲಿಗೆ ಅದು ಸುಮಾರು 34 ಸುತ್ತು. 1 ಜಿಬಿ ಕೊಟ್ಟರೆ 3 ಸುತ್ತಿನಲ್ಲಿ ಮುಗಿಯುತ್ತದೆ. 2024ರ 17ನೇ ಆವೃತ್ತಿಯಲ್ಲಿ ಈ ಲೆಕ್ಕಾಚಾರವೇ ಬದಲಾಗಿದೆ, ವಿಳಾಸಗಳನ್ನು ಬಹಳ ಕಡಿಮೆ ಮೆಮೊರಿಯಲ್ಲಿ ಇಡುತ್ತದೆ. ಎಷ್ಟು ಮುಗಿದಿದೆ ಅಂತ ಪಿಜಿ_ಸ್ಟ್ಯಾಟ್_ಪ್ರೋಗ್ರೆಸ್_ವ್ಯಾಕ್ಯೂಮ್‌ನಲ್ಲಿ ನೋಡುತ್ತಿರಬಹುದು.

ಅದು ಮುಗಿದ ಮೇಲೆ ಫೈಲು ಇನ್ನೂ 400 ಜಿಬಿ ಇರುತ್ತದೆ, ಆದರೆ ಒಳಗೆ ಸುಮಾರು 300 ಜಿಬಿ ಖಾಲಿ. ಇಲ್ಲಿ ನಿಂತು ಯೋಚಿಸಿ. ಈ ಟೇಬಲ್‌ಗೆ ದಿನವೂ ಹೊಸ ಸಾಲು ಬರುತ್ತದೆ. ಆ ಖಾಲಿ ಜಾಗ ಅವಕ್ಕೇ ಸಿಗುತ್ತದೆ, ತಿಂಗಳುಗಟ್ಟಲೆ ಫೈಲು ಬೆಳೆಯುವುದಿಲ್ಲ. ಬೇರೆ ಟೇಬಲ್‌ಗಳಿಗೆ ಜಾಗದ ಅವಸರ ಇಲ್ಲದಿದ್ದರೆ ಹಾಗೇ ಬಿಡಿ. ನಾನಾಗಿದ್ದರೆ ಮೊದಲು ಇದನ್ನೇ ಆರಿಸುತ್ತೇನೆ. ಅಪಾಯವೂ ಕಡಿಮೆ.

ಜಾಗ ವಾಪಸ್ ಬೇಕೇ ಬೇಕು ಅಂದರೆ ಇಂಡೆಕ್ಸ್‌ಗಳಿಂದ ಶುರುಮಾಡಿ. ವ್ಯಾಕ್ಯೂಮ್‌ನಿಂದ ಇಂಡೆಕ್ಸ್ ಫೈಲೂ ಚಿಕ್ಕದಾಗುವುದಿಲ್ಲ. ರೀಇಂಡೆಕ್ಸ್ ಕನ್‌ಕರೆಂಟ್ಲಿ ಬರಹ ನಿಲ್ಲಿಸದೆ ಇಂಡೆಕ್ಸ್ ಅನ್ನು ಹೊಸದಾಗಿ ಕಟ್ಟುತ್ತದೆ. ಬದುಕಿರುವ ಸಾಲು ಕಾಲು ಭಾಗ ಮಾತ್ರ, ಹಾಗಾಗಿ ಹೊಸ ಇಂಡೆಕ್ಸ್ ಬಹಳ ಚಿಕ್ಕದಾಗಿರುತ್ತದೆ. ಚಿಕ್ಕ ಇಂಡೆಕ್ಸ್‌ನಿಂದ ದೊಡ್ಡದರ ಕಡೆಗೆ, ಒಂದೊಂದಾಗಿ ಮಾಡಿ. ಮಧ್ಯದಲ್ಲಿ ನಿಂತರೆ ಹೆಸರಿನ ಕೊನೆಗೆ ‘ಸಿಸಿನ್ಯೂ’ ಅಂಟಿಸಿಕೊಂಡ ನಿರುಪಯೋಗಿ ಇಂಡೆಕ್ಸ್ ಉಳಿಯುತ್ತದೆ, ಅದನ್ನು ಡ್ರಾಪ್ ಮಾಡಿ ಮತ್ತೆ ಶುರುಮಾಡಿ. ಯಾರೂ ಬಳಸದ ಇಂಡೆಕ್ಸ್ ಇದ್ದರೆ ಇನ್ನೂ ಒಳ್ಳೆಯದು, ಡ್ರಾಪ್ ಮಾಡಿದ ಕೂಡಲೇ ಜಾಗ ಸಿಗುತ್ತದೆ. ಆದರೆ ಬಳಕೆಯ ಲೆಕ್ಕ ಸರ್ವರ್‌ನಿಂದ ಸರ್ವರ್‌ಗೆ ಬೇರೆ. ರೆಪ್ಲಿಕಾದಲ್ಲಿ ಓಡುವ ಕ್ವೆರಿಗಳು ಅದನ್ನು ಬಳಸುತ್ತಿಲ್ಲ ಅಂತ ಅಲ್ಲೂ ನೋಡಿ.

ಟೇಬಲ್‌ನ ಫೈಲನ್ನೇ ಚಿಕ್ಕದು ಮಾಡಬೇಕಾದರೆ ಸುಮಾರು 100 ಜಿಬಿ ಮತ್ತು ಇಂಡೆಕ್ಸ್‌ಗಳಷ್ಟು ಖಾಲಿ ಜಾಗ ಮೊದಲೇ ಇರಬೇಕು. ಯಾವ ದಾರಿ ಹಿಡಿದರೂ ಇದು ತಪ್ಪುವುದಿಲ್ಲ. ಆಪ್ ನಿಲ್ಲಿಸುವ ಅವಕಾಶ ಇದ್ದರೆ ಆಗ ವ್ಯಾಕ್ಯೂಮ್ ಫುಲ್ ನೇರ ದಾರಿ. ನಿಲ್ಲಿಸುವಂತಿಲ್ಲದಿದ್ದರೆ ಪಿಜಿ_ರೀಪ್ಯಾಕ್. ಅದು ಪೋಸ್ಟ್‌ಗ್ರೆಸ್ ಜೊತೆ ಬರುವುದಿಲ್ಲ, ಪ್ರತ್ಯೇಕ ಎಕ್ಸ್‌ಟೆನ್ಶನ್. ಟೇಬಲ್‌ಗೆ ಪ್ರೈಮರಿ ಕೀ ಅಥವಾ ನಲ್ ಇಲ್ಲದ ಯೂನಿಕ್ ಇಂಡೆಕ್ಸ್ ಬೇಕು. ಟ್ರಿಗರ್ ಹಾಕಿ ಬದಲಾವಣೆಗಳನ್ನು ಹಿಡಿಯುತ್ತಾ ಹಿಂದೆ ನಕಲು ಕಟ್ಟುತ್ತದೆ, ಶುರು ಮತ್ತು ಕೊನೆಯಲ್ಲಿ ಮಾತ್ರ ಚಿಕ್ಕ ಲಾಕ್ ತೆಗೆದುಕೊಳ್ಳುತ್ತದೆ. ಆ ಚಿಕ್ಕ ಲಾಕ್ ಕೂಡ ಯಾರಾದರೂ ಕಮಿಟ್ ಮಾಡದೆ ಕೂತಿದ್ದರೆ ಸಿಕ್ಕುವುದಿಲ್ಲ. ಮಧ್ಯೆ ಮುರಿದರೆ ಟ್ರಿಗರ್‌ಗಳು ಉಳಿದುಬಿಡಬಹುದು, ಮೊದಲು ಒಂದು ಚಿಕ್ಕ ಟೇಬಲ್ ಮೇಲೆ ಓಡಿಸಿ ಕೈ ಕುದುರಿಸಿಕೊಳ್ಳಿ.

ನಿಮ್ಮ ಬಳಿ 40 ಜಿಬಿ ಇರುವುದರಿಂದ ಇವತ್ತಿಗೆ ಎರಡೂ ಆಗುವುದಿಲ್ಲ. ಡಿಸ್ಕ್ ದೊಡ್ಡದು ಮಾಡುವ ಅವಕಾಶ ಇದ್ದರೆ ಮುಜುಗರ ಬೇಡ, ಮೊದಲು ಅದನ್ನು ಮಾಡಿ. ಪಿಜಿ_ವಾಲ್ ಅದೇ ಡಿಸ್ಕ್‌ನಲ್ಲಿದ್ದು ಜಾಗ ಪೂರ್ತಿ ಮುಗಿದರೆ ಸರ್ವರ್ ಪ್ಯಾನಿಕ್ ಆಗಿ ನಿಲ್ಲುತ್ತದೆ. ಕಡಿಮೆ ಜಾಗದಲ್ಲಿ ಒದ್ದಾಡುತ್ತಾ ತೆಗೆದುಕೊಂಡ ತೀರ್ಮಾನಗಳೇ ಆಮೇಲೆ ಜಾಸ್ತಿ ನಷ್ಟ ಮಾಡುವುದನ್ನು ನೋಡಿದ್ದೇನೆ.

ಮುಂದೆ ಹೀಗಾಗದಂತೆ ಬದಲಾಯಿಸಬೇಕಾದ ಸೆಟ್ಟಿಂಗ್ ಮೊದಲನೆಯದು ಐಡಲ್_ಇನ್_ಟ್ರಾನ್ಸಾಕ್ಷನ್_ಸೆಷನ್_ಟೈಮ್‌ಔಟ್. 9.6ರಿಂದ ಇದೆ, ಮೊದಲಿಂದ ಆಫ್ ಆಗಿರುತ್ತದೆ. ಇಡೀ ಸರ್ವರ್‌ಗೆ ಹಾಕುವ ಬದಲು ಆಪ್ ಬಳಸುವ ರೋಲ್‌ಗೆ ಐದು ನಿಮಿಷ ಇಡಿ. ಟ್ರಾನ್ಸಾಕ್ಷನ್ ತೆರೆದಿಟ್ಟುಕೊಂಡು ಹೊರಗಿನ ಸೇವೆಯೊಂದರ ಉತ್ತರಕ್ಕೆ ಕಾಯುವ ಕೋಡ್ ಇದ್ದರೆ ಆಗ ಮುರಿಯುತ್ತದೆ. ಮುರಿದಲ್ಲಿ ಕೋಡ್ ಸರಿಮಾಡಿ, ಟೈಮ್‌ಔಟ್ ಏರಿಸಬೇಡಿ. ಸ್ಲಾಟ್‌ಗಳಿಗಾಗಿ ಎಷ್ಟು ವಾಲ್ ಉಳಿಸಬೇಕು ಎಂಬ ಮಿತಿಯಾದ ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್ ಇಡಿ. ಮಿತಿ ದಾಟಿದ ರೆಪ್ಲಿಕಾ ಕಳಚಿಕೊಳ್ಳುತ್ತದೆ, ಮುಖ್ಯ ಸರ್ವರ್ ಉಳಿಯುತ್ತದೆ.

ಆಟೋವ್ಯಾಕ್ಯೂಮ್ ಅನ್ನು ಈ ಟೇಬಲ್‌ಗೆ ಚುರುಕು ಮಾಡಿ. ಅದು ಶುರುವಾಗುವುದು ಒಟ್ಟು ಸಾಲುಗಳ ಶೇಕಡ 20, ಜೊತೆಗೆ 50 ಸಾಲು ಸತ್ತಾಗ. 50 ಕೋಟಿಯ ಟೇಬಲ್‌ನಲ್ಲಿ ಅಂದರೆ 10 ಕೋಟಿ ಸಾಲು ಸಾಯುವ ತನಕ ಸತ್ತ ಸಾಲುಗಳಿಗಾಗಿ ಅದು ಬರುವುದೇ ಇಲ್ಲ. ಆಲ್ಟರ್ ಟೇಬಲ್ ಮೂಲಕ ಇದೊಂದರ ಸ್ಕೇಲ್ ಫ್ಯಾಕ್ಟರ್ (ಆ ಶೇಕಡ 20ರ ಸೆಟ್ಟಿಂಗ್) 0.01ಕ್ಕೆ ಇಳಿಸಿ. ಆಟೋವ್ಯಾಕ್ಯೂಮ್‌ನ ಎಲ್ಲ ವರ್ಕರ್‌ಗಳೂ ಒಂದೇ ಕಾಸ್ಟ್ ಲಿಮಿಟ್ (ಎಷ್ಟು ಕೆಲಸ ಮಾಡಿ ಸ್ವಲ್ಪ ನಿಲ್ಲಬೇಕು ಎಂಬ ಮಿತಿ) ಹಂಚಿಕೊಳ್ಳುತ್ತವೆ, ಹಾಗಾಗಿ ವರ್ಕರ್ ಸಂಖ್ಯೆ ಮಾತ್ರ ಏರಿಸಿದರೆ ವೇಗ ಬರುವುದಿಲ್ಲ. ಲಿಮಿಟ್ 200ರಿಂದ ಮೇಲೇರಿಸಿ ನೋಡಿ.

ಇಷ್ಟೆಲ್ಲ ಮಾಡಿದರೂ ವರ್ಷಕ್ಕೊಮ್ಮೆ ಕೋಟಿಗಟ್ಟಲೆ ಸಾಲು ಡಿಲೀಟ್ ಮಾಡುವ ಕ್ರಮ ಈ ಟೇಬಲ್‌ಗೆ ಒಗ್ಗುವುದಿಲ್ಲ. ತಿಂಗಳಿಗೊಂದು ಪಾರ್ಟಿಶನ್ ಆಗುವಂತೆ ದಿನಾಂಕದ ಮೇಲೆ ಒಡೆಯಿರಿ. ಹಳೇ ತಿಂಗಳು ಬೇಡ ಅಂದಾಗ ಆ ಪಾರ್ಟಿಶನ್ ಅನ್ನು ಡಿಟ್ಯಾಚ್ ಕನ್‌ಕರೆಂಟ್ಲಿ ಮಾಡಿ ಡ್ರಾಪ್ ಮಾಡಿದರೆ ಫೈಲೇ ಹೋಗುತ್ತದೆ, ಸತ್ತ ಸಾಲು ಅನ್ನುವ ಮಾತೇ ಇರುವುದಿಲ್ಲ. ಒಂದು ತೊಡಕು ಇದೆ. ಪ್ರೈಮರಿ ಕೀಯಲ್ಲಿ ದಿನಾಂಕದ ಕಾಲಂ ಕೂಡ ಸೇರಲೇಬೇಕು, ಹಾಗಾಗಿ ಬರೀ ಐಡಿ ಮೇಲೆ ಫಾರಿನ್ ಕೀ ಇಟ್ಟ ಬೇರೆ ಟೇಬಲ್‌ಗಳಿದ್ದರೆ ಅವನ್ನೂ ಬದಲಾಯಿಸಬೇಕಾಗುತ್ತದೆ. ಬದುಕಿರುವುದು 12 ಕೋಟಿ ಸಾಲು ಮಾತ್ರ ಇರುವ ಈಗಲೇ ಅದನ್ನು ಮಾಡುವುದು ಸುಲಭ. ಹೊಸ ಪಾರ್ಟಿಶನ್ ಟೇಬಲ್ ಕಟ್ಟಿ, ಹೊಸ ಬರಹಗಳನ್ನು ಅದಕ್ಕೆ ತಿರುಗಿಸಿ. ಹಳೇ ಸಾಲುಗಳನ್ನು ಐವತ್ತು ಸಾವಿರದ ಕಂತುಗಳಲ್ಲಿ, ಪ್ರತಿ ಕಂತಿಗೂ ಕಮಿಟ್ ಮಾಡುತ್ತಾ ನಕಲು ಮಾಡಿ. ಡಿಸ್ಕ್ ಬೆಳೆಸಿದ ಮೇಲೆ ಈ ಕೆಲಸ ಕೈಗೆತ್ತಿಕೊಂಡರೆ ವ್ಯಾಕ್ಯೂಮ್ ಫುಲ್ ಆಗಲಿ ಪಿಜಿ_ರೀಪ್ಯಾಕ್ ಆಗಲಿ ಬೇಕಾಗುವುದೇ ಇಲ್ಲ. ಎಲ್ಲವೂ ಬಂದಿದೆ ಅಂತ ಎಣಿಸಿ ನೋಡಿಕೊಂಡ ಮೇಲೆ ಹಳೇ ಟೇಬಲ್ ಡ್ರಾಪ್ ಮಾಡಿ, 400 ಜಿಬಿಯೂ ಒಂದೇ ಸಲಕ್ಕೆ ವಾಪಸ್ ಬರುತ್ತದೆ.